ಬಾರದ ವಿದ್ಯೆಗೆ ‘ಆಯಿತು’ ಎಂದ ಡ್ರೈವರ್

ನನ್ನ ಹಳೆಯ ಡೈರಿಯಲ್ಲಿ ೧೯೯೬ರ ಜೂನ್ ೧೪ರಂದು ಬರೆದಿಟ್ಟ ಕಥೆ ಇದು.

ರಕ್ತ ಪರೀಕ್ಷಾಲಯದ ಕಂಪ್ಯೂಟರಿಗೆ, ಡಿಸ್ಕನ್ನು ನಡೆಸಲು ಡ್ರೈವರ್ ಎಂಬ ಹೊಸ ಪುಟ್ಟ ತಂತ್ರಾಂಶ ಬಂದಿತು. ಕಂಪ್ಯೂಟರಿನ ಎಲ್ಲ ಕೆಲಸ ನಡೆಸುವ ಮೂಲ ತಂತ್ರಾಂಶ, ಯಜಮಾನನಾದ ಕರ್ನಲ್ ಹೇಳಿತು: “ಓದು, ಬರಹ ಬರಲೇಬೇಕು. ಡಿಸ್ಕಿಗೆ ಬರೆಯದೆ ನೆನಪಿನಲ್ಲೇ ಇಟ್ಟುಕೊಂಡ ಬಾಕಿ ಬರಹವನ್ನು ತುರ್ತಾಗಿ ಡಿಸ್ಕಿಗೆ ಇಳಿಸುವ ವಿದ್ಯೆ ಬಾರದಿದ್ದರೆ, ನಿನ್ನ ವಿದ್ಯೆಗಳ ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಡು. ಆಗ ನಾನು ಬಾಕಿಯನ್ನೇ ಉಳಿಸದೆ, ಬಂದದ್ದನ್ನೆಲ್ಲ ಕೂಡಲೇ ಡಿಸ್ಕಿಗೆ ಬರೆಸುತ್ತೇನೆ.”

“ಏನಪ್ಪಾ, ಅರ್ಧಂಬರ್ಧ ಕಲಿತು ಬಂದೆಯಾ?” ಎಂದು ಪ್ರಿಂಟರಿನ ಡ್ರೈವರ್ ನಕ್ಕಿತು. ಹೊಸ ಡ್ರೈವರಿಗೆ ಅವಮಾನ ತಾಳಲಾಗಲಿಲ್ಲ. ಆ ವಿದ್ಯೆ ಬಾರದಿದ್ದರೂ ಖಾಲಿ ಜಾಗದಲ್ಲಿ ‘ಆಯಿತು’ ಎಂಬ ಉತ್ತರವನ್ನಷ್ಟೇ ತುಂಬಿ, “ಎಲ್ಲವೂ ಬರುತ್ತದೆ, ಯಜಮಾನರೇ” ಎಂದಿತು.

ಒಂದು ಸಂಜೆ ಕರೆಂಟು ಹೋಯಿತು, ಬ್ಯಾಟರಿಯೂ ಮುಗಿಯುತ್ತಿತ್ತು.

“ಬೇಗ ಇಳಿಸು!” ಎಂದಿತು ಕರ್ನಲ್.

“ಆಯಿತು” ಎಂದಿತು ಡ್ರೈವರ್. ಕರ್ನಲ್ ನಂಬಿ ಮಲಗಿತು.

ಬೆಳಗ್ಗೆ ಡಿಸ್ಕಿನಲ್ಲಿ ಹಿಂದಿನ ದಿನದ ಒಂದು ವರದಿಯೂ ಇರಲಿಲ್ಲ. ಹಿಂದಿನ ದಿನ ಪರೀಕ್ಷೆಗೆ ಬಂದಿದ್ದವರೆಲ್ಲ ಮತ್ತೊಮ್ಮೆ ತೋಳು ಚಾಚಿ ರಕ್ತ ಕೊಟ್ಟರು. ಅವರಲ್ಲಿ ನಾಲ್ಕು ದಿನದ ಕೂಸೂ ಇತ್ತು.