ಕೋಚ್‌ಗಳು ನೋಡಲು ಬಂದ ಮೊಟ್ಟೆ

ಇದನ್ನು ಮೊದಲು ಹೇಳಿದವಳು ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕ್ಯಾಪ್ಟನ್ ಆಗಿದ್ದ ಶಶಿರೇಖಾ.

ಕೆಂಚಿ ಎಂಬ ಹೇಂಟೆ ತನ್ನ ಒಂದೇ ಮೊಟ್ಟೆಯ ಮೇಲೆ ಕಾವಿಗೆ ಕೂತಿದ್ದಳು. ಕೆರೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ಕೊಕ್ಕರೆ ಬಂದು, "ಸ್ವಲ್ಪ ಏಳಿ ತಾಯಿ, ಹುಡುಗನನ್ನು ನೋಡಬೇಕು," ಎಂದಿತು. ಕೆಂಚಿ ಎದ್ದಳು. ಕೊಕ್ಕರೆ ಮೊಟ್ಟೆಯನ್ನು ಕೊಕ್ಕಿನಿಂದ ಅಳೆದು, "ಎಂಥ ಎತ್ತರ! ನಮ್ಮ ಟೀಮಿನಲ್ಲಿ ಸೀಟು ಖಾಯಂ," ಎಂದಿತು. ಅವಳು ಕೂರುವಷ್ಟರಲ್ಲಿ ತೋಪಿನ ಕಾಲೇಜಿನ ನವಿಲು ಬಂತು. ಮತ್ತೆ ಎದ್ದಳು. ಆಮೇಲೆ ಯಾರೂ ಬಾರದಿದ್ದರೂ ಕೂತಲ್ಲಿ ಕೂರಲಾಗದೆ ಬಾಗಿಲಿಗೂ ಗೂಡಿಗೂ ಓಡಾಡಿದಳು.

"ಅದು ಹುಡುಗನೋ ಹುಡುಗಿಯೋ, ಗೊತ್ತೇನೇ ನಿನಗೆ?" ಎಂದಿತು ಪಕ್ಕದ ಬುಟ್ಟಿಯ ಬಾತು.

"ಸೀಟಂತೂ ಸಿಕ್ಕಿದೆ."

"ಒಮ್ಮೆ ಮುಟ್ಟಿ ನೋಡು."

ಮೊಟ್ಟೆ ತಣ್ಣಗಾಗುತ್ತಿತ್ತು. ಕೆಂಚಿ ರೆಕ್ಕೆ ಹರಡಿ ಅದರ ಮೇಲೆ ಕವುಚಿ ಕೂತಳು.

ಕೊಕ್ಕರೆ ಮತ್ತೆ ಬಂತು. "ಏಳಿ ತಾಯಿ, ಪ್ರಿನ್ಸಿಪಾಲರೇ ಬಂದಿದ್ದಾರೆ."

"ಏಳಲ್ಲ."

"ಸೀಟು ಬೇರೆಯವರ ಮೊಟ್ಟೆಗೆ ಹೋಗುತ್ತೆ."

"ಹೋಗಲಿ," ಎಂದಳು ಕೆಂಚಿ. ಅವಳ ಜೀವವೆಲ್ಲ ಹೊಟ್ಟೆಯಡಿಯಲ್ಲಿತ್ತು, ಒಳಗೆ ಏನಾದರೂ ಮಿಸುಕೀತೇ ಎಂದು.

ಕಾವಿಗೆ ಕೂತವರು ಯಾರಾದರೂ ಸಿಕ್ಕರೆ ನೀವೂ ಇದನ್ನು ಹೇಳಿ. ಹೇಳುವ ನೆಪದಲ್ಲಿ ಅವರನ್ನು ಎಬ್ಬಿಸಬೇಡಿ, ಅಷ್ಟೇ.