ಹುಲಿಗೆವ್ವನ ಕೋಳಿ, ಹೊಳೆಯ ನೀರುನಾಯಿ

ಕೇಳ್ರಪ್ಪಾ, ಅಗಲವಾದ ಹೊಳೆಯೊಂದರ ದಂಡೆಗೆ ಒಂದು ರಾಜ್ಯ, ಆ ರಾಜ್ಯಕ್ಕೊಬ್ಬ ದೊರೆ. ಅವನ ಅಪ್ಪನ ಕಾಲದಲ್ಲಿ ಜನ ಚರ್ಮದಾಸೆಗೆ ನೀರುನಾಯಿಗಳನ್ನು ಕೊಂದು ಕೊಂದು, ಹೊಳೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಅದಕ್ಕೆ ಈ ದೊರೆ ಡಂಗುರ ಸಾರಿಸಿದ: ನೀರುನಾಯಿಯ ಮೈಗೆ ನೋವು ಮಾಡಿದವರಿಗೆ ಗಡಿಪಾರು. ಒಳ್ಳೆಯ ಕಾನೂನೇ, ಇಲ್ಲ ಅನ್ನುವವರು ಯಾರು? ಆದರೆ ಆ ಡಂಗುರ ಮನುಷ್ಯರ ಕಿವಿಗೆ ಬಿದ್ದ ಹಾಗೆ ನೀರುನಾಯಿಯ ಕಿವಿಗೂ ಬಿತ್ತು.

ಹೊಳೆದಂಡೆಯ ಮರಳಿನಲ್ಲಿ ಹುಲಿಗೆವ್ವ ಅಂತ ಒಬ್ಬ ವಯಸ್ಸಾದ ಹೆಣ್ಣುಮಗಳು ಗುಡಿಸಲು ಹಾಕಿಕೊಂಡಿದ್ದಳು. ಹೆಸರಿನಲ್ಲಿ ಹುಲಿ, ಸಾಕಿದ್ದು ಕೋಳಿ. ನಾಲ್ಕು ಹೇಂಟೆ, ಒಂದು ಹುಂಜ. ಅವಳ ಉಪ್ಪು, ಎಣ್ಣೆ, ಸೀರೆ ಎಲ್ಲ ಅವುಗಳ ಮೊಟ್ಟೆಯಿಂದಲೇ ಬರಬೇಕು. ಸಂಜೆಯಾದರೆ ಆ ಕಡೆಯವರೆಲ್ಲ ಮಾಡುವಂತೆ ಕೋಳಿಗಳ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿ, ಒಲೆ ಹಚ್ಚಲು ಒಳಗೆ ಹೋಗುತ್ತಿದ್ದಳು.

ಒಂದು ಸಂಜೆ ಅವಳು ರೊಟ್ಟಿ ತಟ್ಟಿ ಹೊರಗೆ ಬರುವಷ್ಟರಲ್ಲಿ ಒಂದು ಹೇಂಟೆ ಮಾಯ. ಮಂಕರಿ ಇದ್ದ ಹಾಗೇ ಇದೆ, ಕಲ್ಲೂ ಇದ್ದ ಹಾಗೇ ಇದೆ. ಹೊಳೆಯ ಬಂಡೆಯ ಮೇಲೆ ನೀರುನಾಯಿ ಮೀಸೆ ಒರೆಸಿಕೊಳ್ಳುತ್ತಿತ್ತು.

ಕಲ್ಲು ಹಗುರಾಯಿತು ಅಂದುಕೊಂಡು ಹುಲಿಗೆವ್ವ ಮರುದಿನ ಬೀಸುವ ಕಲ್ಲನ್ನೇ ಹೊತ್ತು ತಂದಿಟ್ಟಳು. ಎರಡನೆಯ ಹೇಂಟೆಯೂ ಹೋಯಿತು.

ಮೂರನೆಯ ಸಂಜೆ ಅಡುಗೆ ಬಿಟ್ಟು, ತಾನೇ ಮಂಕರಿಯ ಮೇಲೆ ಹತ್ತಿ ಕೂತಳು. ಕೂತಲ್ಲೇ ಒಂದು ಸಣ್ಣ ತೂಕಡಿಕೆ. ಅಡಿಯಲ್ಲಿ ರೆಕ್ಕೆ ಪಟಪಟ ಅಂದಿತು. ಇಳಿದು ಎತ್ತಿ ನೋಡಿದರೆ ಮೂರನೆಯದೂ ಇಲ್ಲ.

ಪಕ್ಕದ ಗುಡಿಸಲಿನ ದುರುಗಪ್ಪ ಹರಿಗೋಲು ನಡೆಸುವವನು. ಅವನು ಮೀನು ಚುಚ್ಚುವ ಈಟಿ ಹಿಡಿದು ಬಂದ.

"ಯಕ್ಕಾ, ಇನ್ನ ಒಂದ ಹೇಂಟಿ ಉಳದೈತಿ. ಅದೂ ಹೋದ್ರ ನಿನ್ನ ಕೋಳಿ ಸಂತಾನಾನ ಮುಗೀತು. ತಗಾ ಈಟಿ."

ಹುಲಿಗೆವ್ವ ಈಟಿ ತೆಗೆದುಕೊಂಡು ಬಂಡೆಯ ಹತ್ತಿರ ಹೋದಳು. ನೀರುನಾಯಿ ಅಲುಗಾಡಲೂ ಇಲ್ಲ.

"ಚುಚ್ಚವ್ವಾ, ಚುಚ್ಚು," ಅಂದಿತು. "ಆಮ್ಯಾಗ ಗಡಿ ದಾಟಿ ಹೋಗಿ, ಅಲ್ಲೇ ಕೋಳಿ ಸಾಕ್ಕೊಂಡು ಆರಾಮಿರು."

ಅವಳಿಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ, ಅಳುವೂ ಬಂದಿತ್ತು. ಆಗ ಅವಳ ಕಣ್ಣು ಅದರ ಕಾಲಿನ ಮೇಲೆ ಬಿತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮರಳು, ಒಲೆಬೂದಿ ಬೆರೆತ ಅವಳದೇ ಅಂಗಳದ ಮರಳು. ಕಳ್ಳ ಬಂದಿದ್ದು ಕೆಳಗಿನಿಂದ. ಮರಳು ಕೆರೆದು ಒಳಗೆ ನುಗ್ಗಿದ್ದಾನೆ, ಹಿಂದೆಯೇ ಮರಳು ಜಾರಿ ಗುಂಡಿ ಮುಚ್ಚಿಕೊಂಡಿದೆ. ತಾನು ಮೂರು ದಿನ ಮೇಲೆ ಭಾರ ಹೇರಿದ್ದೇ ಹೇರಿದ್ದು! ಹುಲಿಗೆವ್ವನಿಗೆ ತನ್ನ ಪೆದ್ದುತನಕ್ಕೆ ತನಗೇ ನಗು ಬಂತು. ಈಟಿ ಇಳಿಸಿ ಮನೆಗೆ ಬಂದಳು.

"ದುರುಗಪ್ಪಾ, ಈಟಿ ನೀನ ಇಟ್ಕೋ. ನಿನ್ನ ಹಳೇ ಹರಿಗೋಲು ಕೊಡು."

ಇಬ್ಬರೂ ಸೇರಿ ಅಂಗಳದಲ್ಲಿ ಚಪ್ಪಡಿ ಕಲ್ಲು ಹಾಸಿದರು. ಕಲ್ಲಿನ ಮೇಲೆ ಹರಿಗೋಲು ಬೋರಲು ಹಾಕಿದರು. ಗಾಳಿಗೆ ಸಣ್ಣ ತೂತು, ಕೋಳಿ ಹೋಗಿಬರಲು ಹಲಗೆಯ ಬಾಗಿಲು, ಬಾಗಿಲಿಗೆ ಅಗುಳಿ. ಸುತ್ತ ಗುಂಡುಗಲ್ಲು ಒತ್ತರಿಸಿ ಇಟ್ಟರು.

ಅಂದು ಸಂಜೆ ನೀರುನಾಯಿ ಮೂಡಣಕ್ಕೆ ಕೆರೆಯಿತು. ಕಲ್ಲು ಸಿಕ್ಕಿತು. ಮರುದಿನ ಪಡುವಣಕ್ಕೆ ಕೆರೆಯಿತು. ಅಲ್ಲೂ ಕಲ್ಲು. ಮೂರನೆಯ ದಿನ ಸುತ್ತಲೂ ಕೆರೆದು ಕೆರೆದು ಸುಸ್ತಾಗಿ, ನೆಟ್ಟಗೆ ಅರಮನೆಗೆ ಹೋಗಿ ದೂರು ಕೊಟ್ಟಿತು.

ದೊರೆ ಹುಲಿಗೆವ್ವನನ್ನು ಕರೆಸಿದ. ಉಳಿದ ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳು ಬಂದು ನಿಂತಳು. ಗಡಿಪಾರು ಅಂದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು ಅಂತ ಅವಳಿಗೆ ಚಿಂತೆಯಾಗಿತ್ತು.

"ಪ್ರಭುಗಳೇ," ಅಂದಿತು ನೀರುನಾಯಿ, "ಈಕೆ ನನ್ನ ಮೇಲೆ ಈಟಿ ಎತ್ತಿದಳು. ನನ್ನ ಮೈಗೂ ನೋವು ಮಾಡಿದಳು. ನಾನೋ ಬಡಪಾಯಿ, ಹೊಳೆ ಬಿಟ್ಟು ಮೇಲೆ ಬಂದವನೇ ಅಲ್ಲ."

"ಈಟಿ ಎತ್ತಿದ್ದು ನಿಜವೇನಮ್ಮಾ?" ದೊರೆ ಕೇಳಿದ.

"ಎತ್ತಿದ್ದು ಖರೇ ನನ್ನೊಡೆಯಾ. ಚುಚ್ಚಲಿಲ್ಲ. ಅದ್ರ ಒಂದು ಕೂದಲಾನೂ ಮುಟ್ಟಿಲ್ಲ. ನೋವು ಎಲ್ಲಿ ಆಗೇತಂತ ಅದನ್ನ ಕೇಳ್ರಿ."

ನೀರುನಾಯಿ ಮುಂಗಾಲು ಚಾಚಿ ತೋರಿಸಿತು. "ನೋಡಿ, ಉಗುರೆಲ್ಲ ಸವೆದುಹೋಗಿವೆ."

"ಅಯ್ಯೋ ಪಾಪ," ಅಂದಳು ಹುಲಿಗೆವ್ವ. "ಯಾತಕ್ಕ ಸವದಾವಪ್ಪಾ?"

"ನೀನು ಹಾಸಿದ ಕಲ್ಲಿಗೆ."

"ಯಾವ ಕಲ್ಲು?"

"ಅದೇ, ನಿನ್ನ ಕೋಳಿಗೂಡಿನ ಅಡಿಯಲ್ಲಿ..."

"ಹೊಳಿ ಬಿಟ್ಟು ಬರದಾಂವಗ ನನ್ನ ಕೋಳಿಗೂಡಿನ ಅಡಿಯಾಗ ಏನ್ ಕೆಲಸ ಇತ್ತು?"

ನೀರುನಾಯಿ ಚಾಚಿದ ಮುಂಗಾಲನ್ನು ಹಿಂದಕ್ಕೆ ಎಳೆದುಕೊಂಡಿತು. ಸಭೆಗೆ ಸಭೆಯೇ ನಕ್ಕಿತು. ದೊರೆಯೂ ಮೀಸೆ ಮರೆಯಲ್ಲಿ ನಕ್ಕ.

"ನನ್ನ ಕಾನೂನು ಕಾಯುವುದು ನಿನ್ನ ಜೀವವನ್ನು," ಅಂದ ದೊರೆ. "ನಿನ್ನ ಬಾಯಿಚಪಲವನ್ನಲ್ಲ. ಹೊಳೆಯ ತುಂಬ ಮೀನಿದೆ, ಹೋಗು. ಇನ್ನು ಮೇಲೆ ದಂಡೆಯಲ್ಲಿ ಕೋಳಿ ಸಾಕುವವರಿಗೆಲ್ಲ ಅರಮನೆಯಿಂದಲೇ ಚಪ್ಪಡಿ ಕಲ್ಲು ಹೋಗಲಿ."

ನೀರುನಾಯಿ ಬಾಲ ಎಳೆದುಕೊಂಡು ಹೊಳೆಗಿಳಿಯಿತು. ಹುಲಿಗೆವ್ವನ ಹೇಂಟೆ ಆ ತಿಂಗಳೇ ಕಾವಿಗೆ ಕೂತು ಹನ್ನೊಂದು ಮರಿ ಮಾಡಿತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೇ ಕಣ್ರಪ್ಪಾ. ಕಾನೂನು ನಮ್ಮ ಜೀವ ಕಾಯುತ್ತದೆ ಅಂತ ಇನ್ನೊಬ್ಬರ ಅನ್ನಕ್ಕೆ ಕೈ ಹಾಕಬಾರದು. ಕಳ್ಳನನ್ನು ಹೊಡೆಯಲು ಓಡುವ ಮೊದಲು, ಅವನು ಬಂದ ದಾರಿ ಯಾವುದೆಂದು ನೋಡಿ ಅದನ್ನು ಮುಚ್ಚಬೇಕು. ಹುಲಿಗೆವ್ವ ಹಾಗೆ ಮಾಡಿದ್ದಕ್ಕೇ ಹೊಳೆಯಲ್ಲಿ ನೀರುನಾಯಿಯೂ ಉಳಿಯಿತು, ಅಂಗಳದಲ್ಲಿ ಕೋಳಿಯೂ ಉಳಿಯಿತು.