ಹಲ್ಲಿ ಕಾದ ಇರುವೆ ದಾರಿ

ನಾನು ಈ ಕಥೆ ಹೇಳಿದಾಗಲೆಲ್ಲ ಮೇಲಿಂದ ಹಲ್ಲಿ ಲೊಚಗುಟ್ಟುತ್ತದೆ, ಹಾಗಾಗಿ ಸುಳ್ಳಿರಲಾರದು.

ಅಡುಗೆಮನೆ ಗೋಡೆಯಲ್ಲಿ ಇರುವೆಗಳ ಸಾಲಿಗೆ ಹಲ್ಲಿಯೊಂದು ಅಡ್ಡ ಕೂತು ಅಪ್ಪಣೆ ಮಾಡಿತು: "ಸಕ್ಕರೆ ಹೊತ್ತವರು ನನ್ನ ಪಾಲು ಕೊಟ್ಟು ಮುಂದೆ ಹೋಗಿ. ತೌಡು ಹೊತ್ತವರು ಪಕ್ಕಕ್ಕೆ ನಿಲ್ಲಿ."

ತೌಡು ಹೊತ್ತ ಪುಟ್ಟ ಇರುವೆ ಕಂಗಾಲಾಯಿತು. "ಹಲ್ಲಿಯಣ್ಣ, ಗೂಡಲ್ಲಿ ಮರಿಗಳು ಹಸಿದಿವೆ."

"ಕಾಯಲಿ. ಈ ದಾರಿಯ ಯಜಮಾನ ನಾನು."

ಸಕ್ಕರೆ ಹೊತ್ತ ದಪ್ಪ ಇರುವೆ ಹೊರೆ ಕೆಳಗಿಟ್ಟಿತು. "ಯಜಮಾನ್ರೇ, ದಾರಿ ನೀವು ಮಾಡಿದ್ದೇ? ನಮ್ಮೆಲ್ಲರ ಕಾಲಿನ ವಾಸನೆ ಬಿದ್ದು ಬಿದ್ದು ಇದು ದಾರಿಯಾಗಿದೆ. ತೌಡಿನವರು ನಿಂತರೆ ವಾಸನೆ ಆರುತ್ತದೆ, ನಾಳೆ ನಾನೂ ದಾರಿ ತಪ್ಪುತ್ತೇನೆ. ಇವಳು ಹೋಗುವ ತನಕ ನಾನೂ ಕದಲೋದಿಲ್ಲ."

ಈ ಮಾತು ಮೀಸೆಯಿಂದ ಮೀಸೆಗೆ ದಾಟಿ ಸಾಲಿನ ಕೊನೆ ಮುಟ್ಟಿತು. ಭಲೇ ಇರುವೆಗಳೇ! ಸಕ್ಕರೆಯವರು, ಬೆಲ್ಲದವರು, ಬರಿಗೈಯವರು, ಎಲ್ಲರೂ ಅಲ್ಲಿಗೇ ಬಂದು ಸೇರಿದರು. ಗೋಡೆ ಕಪ್ಪಾಯಿತು. ಅಷ್ಟೂ ಮೀಸೆಗಳು ತನ್ನತ್ತ ತಿರುಗಿದ್ದು ಕಂಡ ಹಲ್ಲಿ ಬಾಲ ಕಳಚಿ ಬಿಟ್ಟು ಓಡಿತು.

ಇರುವೆಗಳು ಆ ಬಾಲವನ್ನೂ ಗೂಡಿಗೆ ಹೊತ್ತೊಯ್ದವು. ಯಜಮಾನರ ಬಾಲವೆಂದು ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಅದು ಸಾಲಿನಲ್ಲೇ, ತೌಡಿನ ಹಿಂದೆ ಹೋಯಿತು.